ಸ್ಯಾಕ್ಸೊಫೋನ್ ನಾದ ಕೆಟ್ಟಾಗ: ಮೌತ್‌ಪೀಸಿಗೆ ಅರ ತಾಗಿಸುವ ಮುಂಚೆ ನೋಡಬೇಕಾದ್ದು

‘ಮೌತ್‌ಪೀಸ್ ಕೆಟ್ಟಿದೆ’ ಎಂದು ಮಡಿಕೇರಿಯ ನನ್ನ ರಿಪೇರಿ ಮೇಜಿಗೆ ಬರುವ ಸ್ಯಾಕ್ಸೊಫೋನುಗಳಲ್ಲಿ ಹೆಚ್ಚಿನವುಗಳ ಮೌತ್‌ಪೀಸಿಗೆ ಏನೂ ಆಗಿರುವುದಿಲ್ಲ. ರೀಡು (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸುವ ತೆಳು ಪಟ್ಟಿ) ಸೊಟ್ಟಗಾಗಿರುತ್ತದೆ, ಪ್ಯಾಡು (ವಾದ್ಯದ ತೂತು ಮುಚ್ಚುವ ಮೆತ್ತೆ) ತೇವ ಕುಡಿದು ಉಬ್ಬಿರುತ್ತದೆ, ಇಲ್ಲವೇ ಮೌತ್‌ಪೀಸ್ ಕೂರುವ ಕತ್ತಿನ ಕಾರ್ಕ್ ಸವೆದು ಸಡಿಲವಾಗಿರುತ್ತದೆ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ರೀಡು ಬದಲಾಯಿಸಬಹುದು, ಪ್ಯಾಡು ಹೊಸದು ಹಾಕಿಸಬಹುದು, ಆದರೆ ಮೌತ್‌ಪೀಸಿನಿಂದ ಉಜ್ಜಿ ತೆಗೆದ ಪುಡಿಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಆದ್ದರಿಂದ ಇಲ್ಲಿ ಹೇಳುವ ಕ್ರಮ ಒಂದೇ: ಹಿಂದಕ್ಕೆ ಪಡೆಯಬಹುದಾದ ಪ್ರಯೋಗಗಳೆಲ್ಲ ಮೊದಲು, ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಕಟ್ಟಕಡೆಗೆ.

ನಮ್ಮ ಜಿಲ್ಲೆಯಲ್ಲಿ ಈ ವಾದ್ಯ ಊದುವವರು ಹಲವು ಬಗೆಯವರು. ಸುಳ್ಯ, ಪುತ್ತೂರಿನ ಕಡೆಯಿಂದ ಸಂಪಾಜೆ ಘಾಟಿ ಹತ್ತಿ ಮದುವೆ, ದೇವಸ್ಥಾನಗಳಿಗೆ ಬರುವ ತಂಡದವರು ಕರ್ನಾಟಕ ಸಂಗೀತದ ಕೀರ್ತನೆ ನುಡಿಸುತ್ತಾರೆ. ಸೇನೆಯ ಬ್ಯಾಂಡಿನಲ್ಲಿದ್ದು ನಿವೃತ್ತರಾಗಿ ಬಂದವರು ಮಾರ್ಚ್ ನುಡಿಸುತ್ತಾರೆ. ದಸರಾ ದಶಮಂಟಪಗಳ ರಾತ್ರಿ ಬೀದಿಯಲ್ಲಿ ಊದುವವರಿಗೆ ಬೇಕಾದ್ದು ಬರೀ ದೊಡ್ಡ ದನಿ. ಮೂವರೂ ‘ಒಳ್ಳೆಯ ನಾದ ಬೇಕು’ ಎನ್ನುತ್ತಾರೆ, ಮೂವರ ಮನಸ್ಸಿನಲ್ಲಿರುವ ನಾದ ಬೇರೆ ಬೇರೆ. ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ‘ಎಲ್ಲಿ ನುಡಿಸುತ್ತೀರಿ?’ ಎಂಬುದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು ಅದನ್ನು ಕಛೇರಿ ವೇದಿಕೆಗೆ ತಂದ ಕದ್ರಿ ಗೋಪಾಲನಾಥರ ನಾದವೇ ಎಲ್ಲರಿಗೂ ಬೇಕು. ಆ ನಾದದಲ್ಲಿ ಮೌತ್‌ಪೀಸಿನ ಪಾಲೆಷ್ಟು, ಹತ್ತಾರು ವರ್ಷಗಳ ಸಾಧನೆಯ ಪಾಲೆಷ್ಟು ಎಂದು ಕೇಳಿದರೆ ಬಂದವರು ಮೆಲ್ಲಗೆ ನಕ್ಕು ಸುಮ್ಮನಾಗುತ್ತಾರೆ.

ಕೆಲವು ಹೆಸರುಗಳನ್ನು ತಿಳಿದುಕೊಂಡರೆ ಮುಂದಿನದು ಸುಲಭ. ಮೌತ್‌ಪೀಸನ್ನು ಬೋರಲು ಹಾಕಿ ನೋಡಿ. ರೀಡು ಮಲಗುವ ಚಪ್ಪಟೆ ಜಾಗ ಟೇಬಲ್. ಅದರ ಮುಂದಿನ ಕಿಂಡಿಯ ಎರಡು ಪಕ್ಕದ ಅಂಚುಗಳು ಸೈಡ್ ರೈಲುಗಳು, ತುದಿಯ ತೆಳು ಅಂಚು ಟಿಪ್ ರೈಲ್. ರೈಲುಗಳು ಟೇಬಲ್ ಮಟ್ಟವನ್ನು ಬಿಟ್ಟು ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ದೂರ ಸರಿಯುತ್ತವಲ್ಲ, ಆ ಬಾಗನ್ನು ಫೇಸಿಂಗ್ ಎನ್ನುತ್ತಾರೆ. ತುದಿಯಲ್ಲಿ ರೀಡಿಗೂ ಟಿಪ್ ರೈಲಿಗೂ ನಡುವೆ ಉಳಿಯುವ ಸಂದು ಟಿಪ್ ಓಪನಿಂಗ್. ಒಳಗೆ, ಟಿಪ್ ರೈಲಿನ ಬೆನ್ನಿಗಿರುವ ಇಳಿಜಾರು ಬ್ಯಾಫಲ್, ಅದರಾಚೆಯ ಪೊಳ್ಳು ಚೇಂಬರ್. ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚಾಗಿ ಕಾಣುವ ಯಮಹಾ 4ಸಿ ಆಲ್ಟೊ (ಮಧ್ಯಮ ಗಾತ್ರದ ಸ್ಯಾಕ್ಸೊಫೋನ್) ಮೌತ್‌ಪೀಸಿನ ಸಂದು ಸುಮಾರು 1.7 ಮಿ.ಮೀ. ಮೇಯರ್ ಕಂಪನಿಯ 5ನೇ ನಂಬರಿನದು 1.8 ಮಿ.ಮೀ. ಅದೇ ಕಂಪನಿಯ 5ರಿಂದ 6ಕ್ಕೆ ಹೋದರೆ ಹೆಚ್ಚುವುದು ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಊದುವವರಿಗೆ ಅಷ್ಟೇ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ‘ಬಾಯಿ ಸ್ವಲ್ಪ ಅಗಲ ಮಾಡಿಕೊಡಿ ಅಣ್ಣ’ ಎನ್ನುವವರ ‘ಸ್ವಲ್ಪ’ ಎಷ್ಟು ಎಂಬುದು ಇದರಿಂದ ಅಂದಾಜಾಗಬೇಕು.

ಮೊದಲು ಮೌತ್‌ಪೀಸನ್ನು ಸಂಶಯದಿಂದ ಬಿಡಿಸಿ

ಅದೇ ವಾದ್ಯಕ್ಕೆ, ಅದೇ ರೀಡು ಕಟ್ಟಿ, ಚೆನ್ನಾಗಿದೆ ಎಂದು ಗೊತ್ತಿರುವ ಇನ್ನೊಂದು ಮೌತ್‌ಪೀಸ್ ಹಾಕಿ ಊದಿ. ದೋಷ ಹಾಗೆಯೇ ಉಳಿದರೆ ಅದು ಮೌತ್‌ಪೀಸಿನದಲ್ಲ. ಇದು ಎಲ್ಲರಿಗೂ ಹೊಳೆಯುವ ಪರೀಕ್ಷೆ, ಆದರೂ ಮಾಡದೆ ಬರುವವರೇ ಹೆಚ್ಚು. ಎರಡನೆಯ ಮೌತ್‌ಪೀಸ್ ಕೈಗೆ ಸಿಗದಿದ್ದರೆ ನಿಮ್ಮ ಮೌತ್‌ಪೀಸನ್ನು ಗೆಳೆಯನ ವಾದ್ಯಕ್ಕೆ ಹಾಕಿ ನೋಡಿ.

ಆಮೇಲೆ ಹೀರುವ ಪರೀಕ್ಷೆ. ನೆನೆಸಿದ ರೀಡನ್ನು ಎಂದಿನಂತೆ ಲಿಗೇಚರಿನಲ್ಲಿ (ರೀಡು ಕಟ್ಟುವ ಪಟ್ಟಿಯಲ್ಲಿ) ಬಿಗಿದು, ಮೌತ್‌ಪೀಸಿನ ಹಿಂದಿನ ತೂತನ್ನು ಅಂಗೈಯಿಂದ ಒತ್ತಿ ಮುಚ್ಚಿ, ತುದಿಯಿಂದ ಗಾಳಿ ಹೀರಿ ಬಾಯಿ ತೆಗೆಯಿರಿ. ರೀಡು ತುದಿಗೆ ಅಂಟಿಕೊಂಡು ಒಂದೆರಡು ಕ್ಷಣ ನಿಂತು ‘ಟಪ್’ ಎಂದು ಬಿಟ್ಟುಕೊಳ್ಳಬೇಕು. ಅಂಟಲೇ ಇಲ್ಲವೆಂದರೆ ಎಲ್ಲೋ ಗಾಳಿ ಸೋರುತ್ತಿದೆ: ರೀಡಿನ ಬೆನ್ನು ಚಪ್ಪಟೆಯಿಲ್ಲ, ಅಥವಾ ಟೇಬಲ್ ಚಪ್ಪಟೆಯಿಲ್ಲ, ಅಥವಾ ರೈಲುಗಳಲ್ಲಿ ಒಂದು ತಗ್ಗಾಗಿದೆ. ಮೂರು ನಾಲ್ಕು ರೀಡುಗಳಲ್ಲಿ ಪರೀಕ್ಷಿಸಿ. ಒಂದೆರಡು ರೀಡು ಅಂಟಿ ಉಳಿದವು ಅಂಟದಿದ್ದರೆ ತಪ್ಪು ರೀಡಿನದು. ಈ ಪರೀಕ್ಷೆಯಲ್ಲಿ ಗೆದ್ದ ಮೌತ್‌ಪೀಸ್ ಚೆನ್ನಾಗಿ ನುಡಿಯುತ್ತದೆ ಎಂದೇನೂ ಅಲ್ಲ, ಸೋತದ್ದು ನುಡಿಯುವುದಿಲ್ಲ ಎಂದೂ ಅಲ್ಲ. ಸಂಶಯವನ್ನು ಎತ್ತ ತಿರುಗಿಸಬೇಕೆಂದು ಮಾತ್ರ ಇದು ಹೇಳುತ್ತದೆ.

ನನಗೆ ಹೆಚ್ಚು ನಂಬಿಕೆಯಿರುವುದು ಓರೆ ಪರೀಕ್ಷೆಯ ಮೇಲೆ. ಮೌತ್‌ಪೀಸನ್ನು ಕಾರ್ಕಿನ ಮೇಲೆ ಸ್ವಲ್ಪ ಎಡಕ್ಕೆ ತಿರುಗಿಸಿ, ತುಟಿ ರೀಡಿನ ಒಂದೇ ಪಕ್ಕವನ್ನು ಅದುಮುವಂತೆ ಹಿಡಿದು ಒಂದು ಸ್ವರ ಊದಿ. ಆಮೇಲೆ ಬಲಕ್ಕೆ ತಿರುಗಿಸಿ ಅದೇ ಸ್ವರ. ಒಂದು ಪಕ್ಕ ಸಲೀಸಾಗಿಯೂ ಇನ್ನೊಂದು ಪಕ್ಕ ಬಿಗಿಯಾಗಿಯೂ ಇದ್ದರೆ ಬಿಗಿಯಾದದ್ದು ಯಾವ ಪಕ್ಕ ಎಂದು ಬರೆದಿಟ್ಟುಕೊಳ್ಳಿ. ಈಗ ರೀಡು ಬದಲಾಯಿಸಿ ಮತ್ತೆ ನೋಡಿ. ರೀಡಿನ ಜೊತೆ ಬಿಗಿಯ ಪಕ್ಕವೂ ಬದಲಾದರೆ ರೀಡುಗಳದೇ ದೋಷ. ಯಾವ ರೀಡು ಕಟ್ಟಿದರೂ ಅದೇ ಪಕ್ಕ ಬಿಗಿ ಎಂದಾದರೆ ಮೌತ್‌ಪೀಸಿನ ರೈಲುಗಳು ಸಮವಿಲ್ಲ. ಇದಕ್ಕೆ ಕಾಸು ಖರ್ಚಿಲ್ಲ, ಒಂದು ಉಪಕರಣವೂ ಬೇಡ.

ವಾದ್ಯದ ಕಡೆ ನೋಡಬೇಕಾದ್ದನ್ನು ಚುಟುಕಾಗಿ ಹೇಳುತ್ತೇನೆ. ಮೌತ್‌ಪೀಸ್ ಕಾರ್ಕಿನ ಮೇಲೆ ಅಲುಗಾಡುತ್ತಿದ್ದರೆ ಕೊಳಾಯಿಯವರು ಬಳಸುವ ಟೆಫ್ಲಾನ್ ಟೇಪು ಎರಡು ಸುತ್ತು ಹಾಕಿ ಊದಿ ನೋಡಿ. ಎಡಗೈ ಹೆಬ್ಬೆರಳಿನ ಆಕ್ಟೇವ್ ಕೀಲಿಯನ್ನು ಒತ್ತಿ ಜಿ ಸ್ವರದ ಬೆರಳು ಹಿಡಿದಾಗ ಕತ್ತಿನ ಮೇಲಿನ ಪುಟ್ಟ ಪ್ಯಾಡು ಮುಚ್ಚಿಯೇ ಇರಬೇಕು, ಎ ಸ್ವರಕ್ಕೆ ಹೋದಾಗ ತೆರೆಯಬೇಕು. ಜಿಯಲ್ಲೇ ಅದು ಮಿಡಿಯುತ್ತಿದ್ದರೆ ಕತ್ತಿನ ಬಳೆ ಬಾಗಿದೆ ಎಂದರ್ಥ. ಪೆಟ್ಟಿಗೆಯಲ್ಲಿ ಒರಟಾಗಿ ಇಡುವವರ ವಾದ್ಯಕ್ಕೆ ಇದು ಆಗಿಯೇ ಆಗುತ್ತದೆ. ಪ್ಯಾಡುಗಳ ಸೋರಿಕೆ ಹಿಡಿಯಲು ಸಿಗರೇಟಿನ ತೆಳು ಕಾಗದದ ಪಟ್ಟಿಯನ್ನು ಪ್ಯಾಡಿನ ಕೆಳಗಿಟ್ಟು, ಮೆಲ್ಲಗೆ ಮುಚ್ಚಿ, ಎಳೆದು ನೋಡಿ. ಸುತ್ತಲೂ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಇಷ್ಟು ಮಾಡಿಯೂ ಬೆರಳು ಮೌತ್‌ಪೀಸಿನ ಕಡೆಗೇ ತೋರಿಸಿದರೆ ಮಾತ್ರ ಮುಂದೆ ಓದಿ.

ಮಳೆಗಾಲದ ಲೆಕ್ಕವೇ ಬೇರೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಕಪಾಟಿನೊಳಗಿನ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಬೆತ್ತದ ರೀಡಿಗೆ ಹಿಡಿಯದೆ ಇರುತ್ತದೆಯೇ? ರೀಡು ಮಾಡುವ ಬೆತ್ತ ಅರುಂಡೊ ಡೊನ್ಯಾಕ್ಸ್ ಎಂಬ ಜೊಂಡು. ಹೆಸರಾಂತ ರೀಡುಗಳ ಬೆತ್ತ ಫ್ರಾನ್ಸಿನ ದಕ್ಷಿಣದ ಒಣ ಬಿಸಿಲಿನಲ್ಲಿ ಬೆಳೆದದ್ದು. ಅದನ್ನು ತಂದು ಭಾಗಮಂಡಲದ ಮಳೆಗೆ ಒಡ್ಡಿದರೆ ಬೆನ್ನು ಅಲೆಅಲೆಯಾಗುತ್ತದೆ, ತುದಿ ಸುಕ್ಕುಗಟ್ಟುತ್ತದೆ. ಪ್ಯಾಡುಗಳ ಚರ್ಮ ಮತ್ತು ಅದರ ಕೆಳಗಿನ ಉಣ್ಣೆಯ ಪದರ ತೇವ ಹೀರಿ ಉಬ್ಬುತ್ತವೆ. ಜಿ ಶಾರ್ಪ್ ಪ್ಯಾಡು ಅಂಟಿಕೊಂಡು ತೆರೆಯುವುದೇ ಇಲ್ಲ. ಆದ್ದರಿಂದ ಆಟಿಯಲ್ಲಿ (ಜಡಿಮಳೆಯ ತಿಂಗಳಲ್ಲಿ) ಹುಟ್ಟಿದ ದೋಷಕ್ಕೆ ಆಟಿಯಲ್ಲೇ ಮೌತ್‌ಪೀಸ್ ಉಜ್ಜಬೇಡಿ. ಬಿಸಿಲು ಬಂದ ಮೇಲೆ ಅದು ತಾನಾಗಿ ಮಾಯವಾದರೆ, ಉಜ್ಜಿದ ಮೌತ್‌ಪೀಸ್ ಮಾತ್ರ ಉಜ್ಜಿದಂತೆಯೇ ಉಳಿಯುತ್ತದೆ.

ರೀಡಿನ ಬೆನ್ನು ಅಲೆಯಾಗಿದ್ದರೆ ದಪ್ಪ ಗಾಜಿನ ಮೇಲೆ 600 ನಂಬರಿನ ವಾಟರ್ ಪೇಪರ್ ಹಾಸಿ, ರೀಡನ್ನು ಬೆನ್ನು ಕೆಳಗಾಗಿ ಇಟ್ಟು, ದಪ್ಪ ಭಾಗದ ಮೇಲೆ ಬೆರಳಿಟ್ಟು ಕೆಲವು ಸಲ ಎಳೆಯಿರಿ. ತುದಿಯ ಮೇಲೆ ಒತ್ತಬಾರದು. ಮಳೆಗಾಲದಲ್ಲಿ ಕಾರ್ಯಕ್ರಮಗಳಿರುವವರು ಪ್ಲಾಸ್ಟಿಕ್ಕಿನ ಸಿಂಥೆಟಿಕ್ ರೀಡು ಒಂದನ್ನು ಜೊತೆಗಿಟ್ಟುಕೊಂಡರೆ ಸಾಕಷ್ಟು ತಲೆನೋವು ಕಡಿಮೆ. ಅದರ ನಾದ ಬೆತ್ತದಷ್ಟು ತುಂಬಿ ಬರುವುದಿಲ್ಲ ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಬೂಸ್ಟು ಹಿಡಿದ ಬೆತ್ತದ ನಾದ ಅದಕ್ಕಿಂತ ಎಷ್ಟು ಚೆನ್ನ?

ಕೀಚಲು ದನಿ

ಬೆರಳು ಸರಿಯಿದೆ, ಪ್ಯಾಡು ಸರಿಯಿದೆ, ರೀಡು ಹೊಸದು, ಆದರೂ ನಡು ಸ್ಥಾಯಿಯಲ್ಲಿ ಸ್ವರ ಹಿಡಿಯುವಾಗ ಒಮ್ಮೊಮ್ಮೆ ‘ಕೀಚ್’ ಎನ್ನುತ್ತದೆ. ಮೌತ್‌ಪೀಸಿನಿಂದಲೇ ಬರುವ ದೋಷಗಳಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯ. ಕಾರಣ ಹೆಚ್ಚಾಗಿ ಎರಡು ರೈಲುಗಳ ಬಾಗು ಒಂದೇ ಕಡೆ ಶುರುವಾಗದಿರುವುದು. ರೀಡಿನ ಒಂದು ಪಕ್ಕ ಮೊದಲು ಮುಚ್ಚಿಕೊಳ್ಳುತ್ತದೆ, ಇನ್ನೊಂದು ಪಕ್ಕ ತಡವಾಗಿ. ಆ ತಿರುಚಿನಲ್ಲಿ ಕೀಚಲು ಹುಟ್ಟುತ್ತದೆ.

ಇದನ್ನು ಕಣ್ಣಳತೆಯಲ್ಲಿ ಹಿಡಿಯಲಾಗದು. ಗ್ಯಾರೇಜಿನಲ್ಲಿ ವಾಲ್ವ್ ಸಂದು ಅಳೆಯಲು ಬಳಸುವ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಕಟ್ಟು) ಒಂದು, ಐದಾರು ಮಿ.ಮೀ. ದಪ್ಪದ ಗಾಜಿನ ತುಂಡೊಂದು ಸಾಕು. ಗಾಜಿನ ಅಡಿಗೆ ಮಿಲಿಮೀಟರ್ ಗೆರೆಗಳ ಕಾಗದ ಅಂಟಿಸಿ. ಮೌತ್‌ಪೀಸಿನ ಟೇಬಲನ್ನು ಗಾಜಿಗೆ ಒತ್ತಿ, ತುದಿ ಸೊನ್ನೆಯ ಗೆರೆಗೆ ಸರಿಯಾಗಿ ಇರುವಂತೆ ಹಿಡಿದು, 0.05 ಮಿ.ಮೀ. ಎಲೆಯನ್ನು ತುದಿಯ ಕಡೆಯಿಂದ ಮೆಲ್ಲಗೆ ಒಳಗೆ ಜಾರಿಸಿ. ಅದು ತಾನಾಗಿ ನಿಲ್ಲುವ ಜಾಗದಲ್ಲಿ ಎಡ ರೈಲಿನ ಅಳತೆ ಎಷ್ಟು, ಬಲ ರೈಲಿನದೆಷ್ಟು ಎಂದು ಗಾಜನ್ನು ತಿರುಗಿಸಿ ಓದಿ. ಎಲೆಯನ್ನು ನೂಕಬಾರದು, ನೂಕಿದರೆ ಅದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಆಮೇಲೆ 0.10, 0.25, 0.40, 0.60, 0.90 ಹೀಗೆ ದಪ್ಪ ಎಲೆಗಳಲ್ಲೂ ಓದಿ ಬರೆದುಕೊಳ್ಳಿ.

ಕೆಲವು ಸಮಯದ ಹಿಂದೆ ಸೋಮವಾರಪೇಟೆಯ ಕಡೆಯ ತಂಡದವರೊಬ್ಬರು ತಂದ ಎಬೊನೈಟ್ (ಗಟ್ಟಿ ರಬ್ಬರ್) ಆಲ್ಟೊ ಮೌತ್‌ಪೀಸನ್ನು ಹೀಗೆ ಗಾಜಿನ ಮೇಲಿಟ್ಟಾಗ ತೆಳು ಎಲೆ ಓರೆಯಾಗಿ ನಿಂತಿತು. ಎಡಕ್ಕೆ 21 ಮಿ.ಮೀ., ಬಲಕ್ಕೆ 23. ದಪ್ಪ ಎಲೆಗಳಿಗೆ ಹೋದಂತೆ ವ್ಯತ್ಯಾಸ ಕಡಿಮೆಯಾಗುತ್ತ ಬಂದು 0.60ರ ಹೊತ್ತಿಗೆ ಎರಡೂ ಒಂದಾದವು. ಅಂದರೆ ತುದಿಯ ಕಡೆ ಸರಿಯಿದೆ, ಟೇಬಲಿನ ಹತ್ತಿರ ಎಡ ರೈಲಿನಲ್ಲಿ ಒಂದಿಷ್ಟು ಎಬೊನೈಟ್ ಹೆಚ್ಚಾಗಿ ಉಳಿದಿದೆ. ಇದನ್ನು ಸರಿಪಡಿಸುವಾಗ ಗೊಂದಲ ಬೇಡ: ಅಳತೆ ಕಡಿಮೆ ತೋರಿಸಿದ ಪಕ್ಕವನ್ನು ಉಜ್ಜಬೇಕು. ಉಜ್ಜಿದಷ್ಟೂ ಬಾಗು ಉದ್ದವಾಗುತ್ತದೆ, ಗಿಡ್ಡವಾಗುವುದಿಲ್ಲ. ಆದ್ದರಿಂದ ಉದ್ದವಿರುವ ಪಕ್ಕವೇ ಗುರಿ, ಗಿಡ್ಡವಿರುವುದನ್ನು ಅಲ್ಲಿಗೆ ತರಬೇಕು.

ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿ ಹಾಸಿದ್ದಾಯಿತು. ಎಡ ರೈಲಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು, ಮೌತ್‌ಪೀಸನ್ನು ಕಂಡೂಕಾಣದಷ್ಟು ಎಡಕ್ಕೆ ವಾಲಿಸಿ, ಟೇಬಲಿನ ದಿಕ್ಕಿಗೆ ಎಳೆಯುತ್ತ ಹೋದೆ. ತುದಿಯ ದಿಕ್ಕಿಗೆ ನೂಕಿದರೆ ಟಿಪ್ ರೈಲ್ ಕಾಗದಕ್ಕೆ ಸಿಕ್ಕಿ ಚಿಪ್ಪೇಳಬಹುದು. ಐದಾರು ಎಳೆತ, ತೊಳೆ, ಒರೆಸು, ಅಳೆ. ಮತ್ತೆ ಐದಾರು ಎಳೆತ. ಮಾರ್ಕರ್ ಬಣ್ಣ ಎಲ್ಲಿ ಅಳಿಯಿತೋ ಅಲ್ಲಷ್ಟೇ ಕಾಗದ ತಾಗಿದೆ ಎಂಬುದು ಗೊತ್ತಾಗುತ್ತದೆ, ಕೈ ಎತ್ತ ಜಾರುತ್ತಿದೆ ಎಂಬುದೂ ಗೊತ್ತಾಗುತ್ತದೆ. ಎಡ ಅಳತೆ 22 ದಾಟಿದಾಗಲೇ ಊದಿಸಿ ನೋಡಿದೆವು. ಕೀಚಲು ಬಹುಪಾಲು ಹೋಗಿತ್ತು. 23ಕ್ಕೆ ತಂದು ಮುಗಿಸಿದೆ. ಇನ್ನೂ ಸ್ವಲ್ಪ ಉಜ್ಜಿದರೆ ನಾದವೂ ಹೆಚ್ಚಬಹುದಲ್ಲ ಎಂದು ಅವರ ಆಸೆ. ದೋಷ ಹೋದ ಮೇಲೆ ಕಾಗದ ಮಡಚಿಡಬೇಕೆಂಬುದು ನನ್ನ ಹಟ.

ರೈಲುಗಳು ಸಮವಿದ್ದೂ ಕೀಚಿದರೆ ಟಿಪ್ ರೈಲನ್ನು ಬೆಳಕಿಗೆ ಹಿಡಿದು ನೋಡಿ. ಅದರ ಅಗಲ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮ ಇರಬೇಕು, ಅರ್ಧದಿಂದ ಒಂದು ಮಿಲಿಮೀಟರಿನ ಒಳಗೆ. ಕೂದಲೆಳೆಯಷ್ಟು ತೆಳುವಾದರೆ ಸ್ವರ ಬೇಗ ಹಿಡಿಯುತ್ತದೆ, ಆದರೆ ಕೀಚಲಿಗೂ ದಾರಿಯಾಗುತ್ತದೆ. ದಪ್ಪವಾದರೆ ನಾದ ಮಂಕಾಗುತ್ತದೆ, ಸಣ್ಣ ದನಿಯಲ್ಲಿ ಸ್ವರ ಎತ್ತಿಕೊಳ್ಳುವುದು ಕಷ್ಟ. ದಪ್ಪ ಟಿಪ್ ರೈಲನ್ನು ಒಳಗಡೆಯಿಂದ, ಬ್ಯಾಫಲ್ ಬದಿಯಿಂದ, ಅಕ್ಕಸಾಲಿಗರ ಸಣ್ಣ ಅರದಿಂದ ತೆಳು ಮಾಡಬೇಕು. ಮೇಲಿನಿಂದ ತಾಗಿಸಿದರೆ ಟಿಪ್ ಓಪನಿಂಗ್ ಬದಲಾಗುತ್ತದೆ. ಚಿಪ್ಪೆದ್ದ ಟಿಪ್ ರೈಲಿಗೆ ಇದು ಮದ್ದಲ್ಲ.

ಗಾಳಿ ಬೆರೆತ ದನಿ

ಸ್ವರದ ಜೊತೆ ‘ಹುಸ್’ ಎನ್ನುವ ಸದ್ದು ಬರುತ್ತಿದ್ದರೆ ಮೊದಲು ರೀಡಿನ ಗಡಸುತನದ ನಂಬರ್ ಇಳಿಸಿ: 3 ಇದ್ದರೆ ಎರಡೂವರೆ, ಎರಡೂವರೆ ಇದ್ದರೆ 2. ಸಂದು ಅಗಲವಿದ್ದಷ್ಟೂ ರೀಡು ಮೆದುವಾಗಿರಬೇಕು. ಹೊಸದಾಗಿ ಅಗಲ ಮೌತ್‌ಪೀಸ್ ಕೊಂಡು, ಹಳೆಯ ಗಟ್ಟಿ ರೀಡನ್ನೇ ಕಟ್ಟಿ, ಹೊಟ್ಟೆ ಬಿಗಿಹಿಡಿದು ಊದುವವರನ್ನು ಎಷ್ಟೋ ಸಲ ನೋಡಿದ್ದೇನೆ.

ರೀಡು ಬದಲಿಸಿಯೂ ಹೋಗದಿದ್ದರೆ ಟೇಬಲ್ ನೋಡಿ. ಟೇಬಲಿಗೆ ಮಾರ್ಕರಿನಿಂದ ಅಡ್ಡಡ್ಡ ಗೆರೆ ಎಳೆದು, ಗಾಜಿನ ಮೇಲಿನ ವಾಟರ್ ಪೇಪರಿನ ಮೇಲೆ ಒಂದೇ ಒಂದು ಸಲ, ಭಾರ ಹಾಕದೆ ಎಳೆಯಿರಿ. ಗೆರೆಗಳು ಎಲ್ಲೆಡೆ ಸಮವಾಗಿ ಮಾಸಿದರೆ ಚಪ್ಪಟೆ. ನಡುವೆ ಹಾಗೆಯೇ ಉಳಿದರೆ ನಡು ತಗ್ಗು. ಇಲ್ಲಿ ಆತುರ ಬೇಡ. ನಡು ತುಸು ತಗ್ಗಾಗಿರುವಂತೆಯೇ ತಯಾರಿಸುವ ಕಂಪನಿಗಳಿವೆ, ಒದ್ದೆ ರೀಡು ಉಬ್ಬಿದಾಗ ಕೂರಲು ಜಾಗವಿರಲಿ ಎಂದು. ನಡು ಉಬ್ಬಿ ರೀಡು ತೊಟ್ಟಿಲಿನಂತೆ ತೂಗುವ ಮೌತ್‌ಪೀಸಿಗೆ ಮಾತ್ರ ಚಪ್ಪಟೆ ಮಾಡುವ ಕೆಲಸ ಬೇಕೇಬೇಕು. ಹಾಗೆ ಟೇಬಲ್ ಉಜ್ಜಿದಷ್ಟೂ ಟಿಪ್ ಓಪನಿಂಗ್ ಕಿರಿದಾಗುತ್ತದೆ, ಫೇಸಿಂಗ್ ಗಿಡ್ಡವಾಗುತ್ತದೆ. ಟೇಬಲ್ ಮುಗಿಸಿ ‘ಆಯಿತು’ ಎಂದು ಏಳುವಂತಿಲ್ಲ, ಬಾಗನ್ನೂ ಮರಳಿ ಕೂರಿಸಬೇಕಾಗುತ್ತದೆ. ಗಾಜು, ಫೀಲರ್ ಗೇಜ್ ಇಲ್ಲದವರು ಟೇಬಲಿಗೆ ಕೈ ಹಾಕುವುದೇ ಬೇಡ.

ಕೆಳಗಿನ ಸ್ವರ ಗೊರಗೊರ ಎಂದರೆ

ಮಂದ್ರದ ಬಿ, ಬಿ ಫ್ಲಾಟ್ ಸ್ವರಗಳು ನಿಲ್ಲದೆ ನಡುಗಿದರೆ ನೂರಕ್ಕೆ ತೊಂಬತ್ತು ಪಾಲು ಪ್ಯಾಡು ಸೋರಿಕೆ ಎಂದೇ ತಿಳಿಯಿರಿ. ಸೋರಿಕೆ ಇಲ್ಲದೆಯೂ ಕೆಲವು ಆಲ್ಟೊಗಳು ಹೀಗೆ ನಡುಗುತ್ತವೆ. ಅದಕ್ಕೊಂದು ಹಳೆಯ ಉಪಾಯ: ಮೌತ್‌ಪೀಸಿನ ಮುಚ್ಚಳವನ್ನೋ ಬಾಟಲಿಯ ಬಿರಡೆಯನ್ನೋ ವಾದ್ಯದ ಅಗಲ ಬಾಯಿಯೊಳಗೆ ಹಾಕಿ, ಅದು ತಳದ ತಿರುವಿನಲ್ಲಿ ಕೂರಲಿ. ನಡುಕ ನಿಂತೇಹೋಗುವುದುಂಟು. ಮೌತ್‌ಪೀಸಿನ ಕಡೆಯಿಂದ ಹೇಳುವುದಾದರೆ ಫೇಸಿಂಗ್ ತೀರಾ ಗಿಡ್ಡವಿದ್ದರೆ ಮಂದ್ರ ಬಿಗಿ, ತೀರಾ ಉದ್ದವಿದ್ದರೆ ತಾರ ಸ್ಥಾಯಿ ಬಡಕಲು. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಮೌತ್‌ಪೀಸನ್ನು ಬಿಟ್ಟು ವಾದ್ಯವನ್ನೇ ರಿಪೇರಿಗೆ ಕೊಡಿ.

ನಾದದ ಬಣ್ಣ ಬದಲಾಗಬೇಕೆಂದರೆ

ಇದು ದೋಷವಲ್ಲ, ರುಚಿ. ಆದರೆ ಅರ ಹಿಡಿಯುವ ಆಸೆ ಹೆಚ್ಚಾಗಿ ಇಲ್ಲಿಯೇ ಹುಟ್ಟುತ್ತದೆ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸಿನಲ್ಲಿ ಪೇಟೆಂಟ್ ಪಡೆದ ವಾದ್ಯದ ಮೌತ್‌ಪೀಸಿನ ಒಳಗೆ ದೊಡ್ಡ ದುಂಡು ಚೇಂಬರ್ ಇತ್ತು. ಅದರ ನಾದ ಮೆದು, ದುಂಡು. ಡೋಲು, ಟ್ರಂಪೆಟ್‌ಗಳ ನಡುವೆ ಕೇಳಿಸಬೇಕೆಂಬ ಒತ್ತಾಯ ಬಂದಾಗ ಬ್ಯಾಫಲ್ ಎತ್ತರವಾಯಿತು, ಚೇಂಬರ್ ಕಿರಿದಾಯಿತು. ಟಿಪ್ ರೈಲಿನ ಹಿಂದೆಯೇ ಬ್ಯಾಫಲ್ ಎತ್ತರವಿದ್ದರೆ ಗಾಳಿಯ ದಾರಿ ಕಿರಿದಾಗಿ ನಾದದಲ್ಲಿ ಮೇಲಿನ ಅನುಸ್ವರಗಳು (ಮೂಲ ಸ್ವರದ ಜೊತೆ ಮೂಡುವ ಎತ್ತರದ ಸ್ವರಗಳು) ಹೆಚ್ಚುತ್ತವೆ. ದನಿ ಚೂಪಾಗಿ ದೂರಕ್ಕೆ ಹೋಗುತ್ತದೆ. ಮದುವೆಯ ವಾಲಗ, ಮಂಟಪದ ಮೆರವಣಿಗೆಗೆ ಇದು ಬೇಕು. ಸಭಾಂಗಣದಲ್ಲಿ ಮೈಕಿನ ಮುಂದೆ ರಾಗಾಲಾಪನೆಗೆ ಇದೇ ಕರ್ಕಶ.

ಬ್ಯಾಫಲ್ ಏರಿಸಿ ನೋಡಲು ಜೇನುಮೇಣಕ್ಕಿಂತ ಒಳ್ಳೆಯ ವಸ್ತುವಿಲ್ಲ, ಕೊಡಗಿನಲ್ಲಿ ಅದಕ್ಕೆ ಬರವೂ ಇಲ್ಲ. ತೊಗರಿಬೇಳೆಯಷ್ಟು ಮೇಣವನ್ನು ಬೆರಳ ಬಿಸಿಯಲ್ಲಿ ಮೆದುವಾಗಿಸಿ, ಟಿಪ್ ರೈಲಿನಿಂದ ಒಂದೆರಡು ಮಿ.ಮೀ. ಬಿಟ್ಟು ಬ್ಯಾಫಲಿನ ಮೇಲೆ ಒತ್ತಿ. ಮೌತ್‌ಪೀಸ್ ಒಣಗಿರಬೇಕು, ಇಲ್ಲದಿದ್ದರೆ ಮೇಣ ಹಿಡಿಯುವುದಿಲ್ಲ. ಚೇಂಬರಿನ ಕಡೆಗೆ ಇಳಿಜಾರಾಗಿ ಸವರಿ, ಮೆಟ್ಟಿಲಿನಂತೆ ಅಂಚು ಉಳಿಯದಿರಲಿ. ಈಗ ಊದಿ. ಮೊದಲ ಸ್ವರದಲ್ಲೇ ವ್ಯತ್ಯಾಸ ಕೇಳಿಸುತ್ತದೆ. ಹೆಚ್ಚಾಯಿತು ಎನಿಸಿದರೆ ಬಿದಿರು ಕಡ್ಡಿಯಿಂದ ಒಂದಿಷ್ಟು ಕೆರೆದು ತೆಗೆಯಿರಿ, ಸಾಲದು ಎನಿಸಿದರೆ ಸೇರಿಸಿ. ತೀರಾ ಹೆಚ್ಚಾದಾಗ ಮೇಲಿನ ಸ್ವರಗಳು ತೆಳ್ಳಗಾಗಿ ಕೀಚಲು ಶುರುವಾಗುತ್ತದೆ, ಅದೇ ಮಿತಿ. ಇದೇ ಮೇಣವನ್ನು ಬ್ಯಾಫಲ್ ಬಿಟ್ಟು ಚೇಂಬರಿನ ಗೋಡೆಗೆ ಹಚ್ಚಿದರೆ ಒಳಗಿನ ಜಾಗ ಕಡಿಮೆಯಾಗಿ ನಾದ ಒಟ್ಟಾಗುತ್ತದೆ, ಶ್ರುತಿಯೂ ತುಸು ಏರುತ್ತದೆ.

ಮೇಣ ಹಚ್ಚಿದ ಮೌತ್‌ಪೀಸನ್ನು ನಾಲ್ಕಾರು ಕಾರ್ಯಕ್ರಮಗಳಲ್ಲಿ ಊದಿ. ಮನೆಯ ಕೋಣೆಯಲ್ಲಿ ಸೊಗಸಾಗಿ ಕೇಳಿಸಿದ್ದು ಕಾಫಿ ಕಣದ ಬಯಲಿನಲ್ಲಿ ಬಡಕಲಾಗಬಹುದು, ಬಯಲಿಗೆ ಹೊಂದಿದ್ದು ಕೋಣೆಯಲ್ಲಿ ಕಿವಿಗೆ ಚುಚ್ಚಬಹುದು. ಊದುವವರು ತಮ್ಮ ನಾದದ ಒಂದು ಪಾಲನ್ನು ಹಲ್ಲು, ತಲೆಬುರುಡೆಯ ಮೂಲಕ ಕೇಳಿಸಿಕೊಳ್ಳುತ್ತಾರೆ. ಆ ಪಾಲು ಎದುರಿಗೆ ಕುಳಿತವರಿಗೆ ಇಲ್ಲ. ಮೊಬೈಲನ್ನು ಅಂಗಳದ ಆ ತುದಿಯಲ್ಲಿಟ್ಟು ಧ್ವನಿಮುದ್ರಿಸಿ, ಮೇಣ ಹಚ್ಚಿದ ಮತ್ತು ಹಚ್ಚದ ಎರಡನ್ನೂ ಹೋಲಿಸಿ. ಮೌತ್‌ಪೀಸಿನ ಮೇಲೆ ಹಲ್ಲೂರುವ ಜಾಗಕ್ಕೆ ರಬ್ಬರಿನ ಪುಟ್ಟ ಪಟ್ಟಿ ಅಂಟಿಸಿದ ಕೂಡಲೇ ‘ನಾದ ಮೆದುವಾಯಿತು’ ಎನ್ನುವವರಿದ್ದಾರೆ. ಮೆದುವಾದದ್ದು ಅವರ ತಲೆಯೊಳಗಿನ ನಾದ.

ಮೇಣ ಸುಮಾರು 62 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ, ಅದಕ್ಕೆ ಮುಂಚೆಯೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನೊಳಗೆ ಬಿಟ್ಟು ಹೋಗಬೇಡಿ.

ನಾದವನ್ನು ಇನ್ನಷ್ಟು ಮೆದುವಾಗಿಸಬೇಕೆಂದರೆ ಮೇಣ ಸಹಾಯಕ್ಕೆ ಬರುವುದಿಲ್ಲ, ಬ್ಯಾಫಲ್ ಕೊರೆಯುವುದೊಂದೇ ದಾರಿ ಎಂದು ಕಾಣುತ್ತದೆ. ಅದಕ್ಕೂ ಮುಂಚೆ ರೀಡಿನ ನಂಬರ್ ಅರ್ಧ ಏರಿಸಿ, ಬೇರೆ ಕತ್ತರಿಕೆಯ ರೀಡು ಹಾಕಿ, ದೊಡ್ಡ ಚೇಂಬರಿನ ಮೌತ್‌ಪೀಸನ್ನು ಯಾರಿಂದಲಾದರೂ ಕೇಳಿ ತಂದು ಒಂದು ವಾರ ಊದಿ. ಹಾಗೂ ಬೇಕೇಬೇಕೆಂದರೆ, ಕೊರೆದು ನೋಡಲು ಅಗ್ಗದ ಪ್ಲಾಸ್ಟಿಕ್ ಮೌತ್‌ಪೀಸ್ ಬಳಸಿ. ಸೇನೆಯ ಬ್ಯಾಂಡಿನವರು ಜೋಪಾನವಾಗಿ ತಂದಿಟ್ಟುಕೊಂಡ ಹಳೆಯ ಎಬೊನೈಟ್ ಮೌತ್‌ಪೀಸುಗಳನ್ನು ಮಕ್ಕಳು, ಮೊಮ್ಮಕ್ಕಳು ಜಾಝ್ ನಾದಕ್ಕಾಗಿ ಕೊರೆಯಲು ತಂದಾಗ ನಾನು ವಾಪಸು ಕಳಿಸುತ್ತೇನೆ. ಬೈಸಿಕೊಂಡದ್ದೂ ಉಂಟು.

ಗಮಕ ನುಡಿಸುವವರಿಗೊಂದು ಮಾತು. ಸ್ವರವನ್ನು ತುಟಿಯಲ್ಲಿ ಜಾರಿಸಬೇಕಾದವರಿಗೆ ಮಧ್ಯಮ ಸಂದು, ಮೆದು ರೀಡು ಹೊಂದುತ್ತದೆ. ಸಂದು ತೀರಾ ಕಿರಿದಾದರೆ ಸ್ವರ ಬಾಗುವುದಿಲ್ಲ, ತೀರಾ ಅಗಲವಾದರೆ ಬಾಗಿದ್ದು ನಿಲ್ಲುವುದಿಲ್ಲ.

ಶ್ರುತಿ ಸೇರದಿದ್ದರೆ

ಮಂಗಳೂರಿನಲ್ಲಿ ಸರಿಯಿದ್ದ ಶ್ರುತಿ ಕೊಡಗಿನ ಪುತ್ತರಿ ಹಬ್ಬದ ಚಳಿರಾತ್ರಿಯಲ್ಲಿ ಇಳಿದರೆ ಅದಕ್ಕೆ ಮೌತ್‌ಪೀಸ್ ಹೊಣೆಯಲ್ಲ. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಊದುವ ವಾದ್ಯಗಳ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರ 100 ಸೆಂಟ್. ಉಸಿರಿನ ಬಿಸಿ ಇರುವುದರಿಂದ ಲೆಕ್ಕದಷ್ಟು ಪೂರ್ತಿ ಇಳಿಯುವುದಿಲ್ಲ, ಆದರೂ ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ಸ್ವರ ಹಾಕದೆ ವಾದ್ಯದೊಳಗೆ ಬಿಸಿ ಉಸಿರು ಬಿಟ್ಟು, ಆಮೇಲೆ ಶ್ರುತಿ ನೋಡಿ.

ಬೆಚ್ಚಗಾದ ಮೇಲೂ ಸೇರದಿದ್ದರೆ ಆಲ್ಟೊ ಮೌತ್‌ಪೀಸನ್ನು ಮಾತ್ರ, ವಾದ್ಯಕ್ಕೆ ಹಾಕದೆ, ಮೊಬೈಲಿನ ಟ್ಯೂನರ್ ಮುಂದೆ ಊದಿ. 880 ಹರ್ಟ್ಸ್‌ನ ಎ ಸ್ವರದ ಆಸುಪಾಸು ಬರಬೇಕು. ಅದಕ್ಕಿಂತ ಬಹಳ ಮೇಲಿದ್ದರೆ ನೀವು ಹಲ್ಲು ಕಚ್ಚಿ ಊದುತ್ತಿದ್ದೀರಿ. ಬಹಳ ಕೆಳಗಿದ್ದರೆ ತುಟಿ ಸಡಿಲ. ಇಲ್ಲಿ ಸರಿ ಬಂದೂ ವಾದ್ಯಕ್ಕೆ ಹಾಕಿದಾಗ ಸ್ಥಾಯಿಯಿಂದ ಸ್ಥಾಯಿಗೆ ಶ್ರುತಿ ಹೊಂದದಿದ್ದರೆ ಆಗ ಚೇಂಬರಿನ ಅಳತೆಯನ್ನು ಅನುಮಾನಿಸಬಹುದು. ಸ್ಯಾಕ್ಸೊಫೋನಿನ ಕೊಳವೆ ತುದಿ ಕತ್ತರಿಸಿದ ಶಂಕು. ಕತ್ತರಿಸಿಹೋದ ಆ ತುದಿಯ ಒಳಜಾಗಕ್ಕೆ ಮೌತ್‌ಪೀಸಿನ ಒಳಜಾಗ ಸರಿಹೊಂದಿದರೆ ಮಾತ್ರ ಸ್ಥಾಯಿಗಳು ಒಂದಕ್ಕೊಂದು ಕೂಡುತ್ತವೆ. ಚೇಂಬರ್ ಕಿರಿದಾದ ಮೌತ್‌ಪೀಸನ್ನು ಹೊರಕ್ಕೆ ಎಳೆದು, ದೊಡ್ಡದನ್ನು ಒಳಕ್ಕೆ ನೂಕಿ ಈ ಲೆಕ್ಕವನ್ನು ಸರಿದೂಗಿಸುತ್ತೇವೆ. ಕಾರ್ಕಿನ ತುದಿಗೆ ಬಂದರೂ ಶ್ರುತಿ ಸಿಗದ ಮೌತ್‌ಪೀಸ್ ಆ ವಾದ್ಯದ ಜೋಡಿಯಲ್ಲ. ಉಜ್ಜಿ ಜೋಡಿ ಮಾಡುವುದಕ್ಕಿಂತ ಮಾರಿಬಿಡುವುದು ಲೇಸು.

ತೊಳೆಯುವುದು, ತುಂಬುವುದು

ಎಬೊನೈಟ್ ಎಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್. ಉಜ್ಜುವಾಗ ಮೂಗಿಗೆ ಬಡಿಯುವುದು ಆ ಗಂಧಕದ ವಾಸನೆಯೇ. ಒದ್ದೆ ಮಾಡಿಯೇ ಉಜ್ಜಿ, ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬೇಡಿ. ಬಿಸಿಲಿಗೆ ಇಟ್ಟರೆ ಕಪ್ಪು ಬಣ್ಣ ಹಸಿರು ಮಿಶ್ರಿತ ಕಂದಾಗುತ್ತದೆ, ಬಿಸಿನೀರು ಹೊಯ್ದರೂ ಹಾಗೆಯೇ. ತಣ್ಣೀರು, ಒಂದು ಹನಿ ಸೋಪು, ಮೆದು ಬ್ರಷ್ ಸಾಕು. ಒಳಗೆ ಬಿಳಿ ಪೊರೆ ಕಟ್ಟಿದ್ದರೆ ನೀರು ಬೆರೆಸಿದ ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಆ ಜಾಗವನ್ನಷ್ಟೇ ಒರೆಸಿ ತೊಳೆಯಿರಿ. ವಿನೆಗರ್ ಎಂದಾಗ ಕೊಡಗಿನ ಕಾಚಂಪುಳಿ ಹುಳಿ ಆಗುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಅದು ಪಂದಿ ಕರಿಗೆ ಮೀಸಲಾಗಿರಲಿ.

ಬೇರೆ ಯಾರೋ ಬ್ಯಾಫಲ್ ಕೊರೆದು ಹಾಳು ಮಾಡಿದ ಮೌತ್‌ಪೀಸ್ ನಿಮ್ಮ ಕೈಗೆ ಬಂದರೆ ಎಸೆಯುವ ಮುಂಚೆ ಮೊದಲು ಮೇಣದಲ್ಲಿ ತಗ್ಗು ತುಂಬಿ ಹಳೆಯ ಆಕಾರ ಸಿಗುವುದೇ ಎಂದು ನೋಡಿ. ಸಿಕ್ಕಿದರೆ ಆ ಆಕಾರದ ಅಳತೆ, ಫೋಟೊ ತೆಗೆದಿಟ್ಟುಕೊಂಡು, ಮೇಣ ತೆಗೆದು, ಆ ಜಾಗವನ್ನು ಒರಟಾಗಿಸಿ, ಹಲ್ಲಿನ ಡಾಕ್ಟರು ಬಳಸುವ ಅಕ್ರಿಲಿಕ್‌ನಿಂದ ತುಂಬಿಸಬಹುದು. ಬಾಯಿಗೆ ಇಡುವ ವಸ್ತುವಾದ್ದರಿಂದ ಪೈಪ್ ಸೋರಿಕೆಗೆ ಹಚ್ಚುವ ಎಪಾಕ್ಸಿ ಬೇಡ. ತುಂಬಿದ್ದು ಪೂರ್ತಿ ಗಟ್ಟಿಯಾದ ಮೇಲೆ ನಯಮಾಡಿ, ಫೀಲರ್ ಎಲೆಗಳಿಂದ ಮೊದಲಿನಿಂದ ಅಳೆಯಿರಿ, ಏಕೆಂದರೆ ಬ್ಯಾಫಲ್ ಕೊರೆದವರು ರೈಲುಗಳನ್ನು ಮುಟ್ಟದೆ ಬಿಟ್ಟಿರುವುದು ಅಪರೂಪ.